ಕತ್ತರಿ ಮೇಡಂ ಇರುವ ಒಂದೇ ಶಾಟ್

ಹೋದ ವಾರ ಕತ್ತರಿ ಮೇಡಂ ತೀರಿಕೊಂಡರು. ಫೋನ್ ಮಾಡಿ ತಿಳಿಸಿದ್ದು ಅವರ ಮಗಳು. “ಬೆಳಿಗ್ಗೆ ಕಾಫಿ ಕುಡಿದ್ರು, ಪೇಪರ್ ಓದಿದ್ರು, ಸ್ವಲ್ಪ ಮಲಗ್ತೀನಿ ಅಂದ್ರು. ಏಳ್ಲೇ ಇಲ್ಲ ಅಕ್ಕ” ಅಂದಳು. ಹೋಗುವಾಗಲೂ ಒಂದು ಮಾತು ಹೆಚ್ಚಿಗೆ ಇಟ್ಟುಕೊಳ್ಳಲಿಲ್ಲವಲ್ಲ ಈ ಹೆಂಗಸು ಅಂದುಕೊಂಡೆ. ಅಳು ಬಂತು. ಆಮೇಲೆ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ನಗುವೂ ಬಂತು.

ನಮ್ಮದು ಜೆ.ಪಿ. ನಗರದಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಡೆಯುವ ಸಣ್ಣ ನ್ಯೂಸ್ ಚಾನೆಲ್. ದಕ್ಷಿಣ ಬೆಂಗಳೂರಿನ ಸುದ್ದಿಯೇ ನಮಗೆ ಹೆಚ್ಚು: ಕೆರೆ, ಕಸ, ಮೆಟ್ರೋ, ಬಿದ್ದ ಮರ, ಕಿತ್ತುಕೊಂಡು ಹೋದ ಸರ. ಮೇಡಂ ನಿವೃತ್ತರಾಗುವವರೆಗೂ ಅಲ್ಲಿ ಎಡಿಟಿಂಗ್ ವಿಭಾಗದ ಮುಖ್ಯಸ್ಥೆ. ಕ್ಯಾಮೆರಾದವರು ತಂದು ಸುರಿದದ್ದನ್ನು ಕತ್ತರಿಸಿ, ಜೋಡಿಸಿ, ಸುದ್ದಿ ಮಾಡಿ ಹೊರಗೆ ಕಳಿಸುವ ಕೆಲಸವನ್ನು ನನ್ನಂಥ ಎಷ್ಟೋ ಜನಕ್ಕೆ ಕಲಿಸಿದವರು ಅವರು. ಈಗ ಅವರ ಕುರ್ಚಿಯಲ್ಲಿ ನಾನು ಕೂತಿದ್ದೇನೆ. ಚೆನ್ನಾಗಿಯೇ ಕೂತಿದ್ದೇನೆ, ಅದರಲ್ಲಿ ಸಂಕೋಚ ಇಲ್ಲ. ಕಲಿಸಿದವರು ಹಾಗೆ ಕಲಿಸಿದ್ದರು.

ಸುದ್ದಿ ತಿಳಿದು ನಮ್ಮ ಚೀಫ್ ನನ್ನ ಹತ್ತಿರ ಬಂದರು. ಅವರೂ ಹಳಬರೇ, ಮೇಡಂ ಜತೆ ಜಗಳ ಆಡಿಕೊಂಡೇ ತಲೆಕೂದಲು ಬೆಳ್ಳಗೆ ಮಾಡಿಕೊಂಡವರು. “ನಾಳೆ ಸಂಜೆ ಬುಲೆಟಿನ್‌ನಲ್ಲಿ ಮೇಡಂ ಬಗ್ಗೆ ಒಂದು ಚಿಕ್ಕ ಸ್ಟೋರಿ ಹಾಕೋಣಮ್ಮ. ಅವ್ರು ಕೆಲಸ ಮಾಡ್ತಿರೋದು ಒಂದು ಒಳ್ಳೆ ಶಾಟ್ ಹುಡುಕು” ಅಂದರು.

ಹುಡುಕಿದೆ. ನಮ್ಮ ಹಳೆಯ ಚಿತ್ರಗಳ ಸಂಗ್ರಹವನ್ನೆಲ್ಲಾ ಜಾಲಾಡಿದೆ. ಬೇಗೂರು ಕೆರೆಯ ಕೊಕ್ಕರೆಗಳಿದ್ದವು, ಬನಶಂಕರಿ ಬಸ್ ನಿಲ್ದಾಣದ ನೂಕುನುಗ್ಗಲಿತ್ತು, ಎಂದೋ ಸೋತು ಮನೆಗೆ ಹೋದ ಅಭ್ಯರ್ಥಿಗಳು ಕೈ ಮುಗಿಯುತ್ತಾ ನಿಂತಿದ್ದರು. ಇಡೀ ಊರನ್ನು ಕತ್ತರಿಸಿ ಜೋಡಿಸಿದ ಮೇಡಂ ಮಾತ್ರ ಎಲ್ಲೂ ಇರಲಿಲ್ಲ. ಅವರ ಮನೆಯಲ್ಲಿ ಮದುವೆ ಫೋಟೋ, ಮಗಳ ಸೀಮಂತದ ಫೋಟೋ ಇದ್ದವು. ಕೆಲಸದಲ್ಲಿರುವುದು ಒಂದೂ ಇಲ್ಲ.

ಇರುವುದಾದರೂ ಹೇಗೆ? ಕ್ಯಾಮೆರಾ ತಮ್ಮ ಕಡೆ ತಿರುಗಿದರೆ ಸಾಕು, ಎರಡು ಬೆರಳು ಎತ್ತಿ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದರು. ಕತ್ತರಿಸು ಅಂತ ಅರ್ಥ. ಅವರಿಗೆ ಆ ಹೆಸರು ಬಂದದ್ದೂ ಅದರಿಂದಲೇ. ಬೆನ್ನ ಹಿಂದೆ ಹಾಗೆ ಕರೆಯುತ್ತೇವೆಂದು ಅವರಿಗೆ ಗೊತ್ತಿತ್ತು. ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. “ಸಾರಿಗೆ ಉಪ್ಪು ಹಾಕ್ದೋಳು ಎಲೆ ಮುಂದೆ ಬಂದು ನಿಂತ್ಕೊಂಡು, ಉಪ್ಪು ನಾನೇ ಹಾಕಿದ್ದು ಅಂತಾಳೇನೇ?” ಅನ್ನುತ್ತಿದ್ದವರ ಹೆಸರನ್ನು ಸತ್ತ ಮೇಲೆ ಬರೆದು ಬೈಸಿಕೊಳ್ಳಲು ನನಗೆ ಧೈರ್ಯವಿಲ್ಲ.

ನಾನು ತಲಘಟ್ಟಪುರದವಳು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನಮ್ಮಪ್ಪ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾರೆ. ಮಗಳು ನ್ಯೂಸ್ ಚಾನೆಲ್ ಸೇರಿದಳೆಂದು ಅವರು ಬಾಡಿಗೆದಾರರಿಗೆಲ್ಲಾ ಹೇಳಿಕೊಂಡು ಬಂದರು. ಪ್ರತಿ ಸಂಜೆ ಟೀವಿ ಮುಂದೆ ಕೂತು, “ಯಾವಾಗಮ್ಮ ನೀನು ಬರೋದು?” ಅಂತ ಕೇಳುವರು. “ಅಪ್ಪ, ನಾನು ಎಡಿಟಿಂಗ್ ಕಲೀತಿರೋದು. ನಾನು ಕಾಣ್ಸಲ್ಲ” ಅಂದರೆ, “ಕಾಣ್ಸದೇ ಇರೋಕೆ ಸಂಬಳ ಕೊಡ್ತಾರಾ?” ಅನ್ನುವರು. ಇದನ್ನು ಮೇಡಂಗೆ ಹೇಳಿದಾಗ ಕನ್ನಡಕ ತಲೆಯ ಮೇಲೆ ಏರಿಸಿಕೊಂಡು ಬಿದ್ದು ಬಿದ್ದು ನಕ್ಕರು. “ನಿಮ್ಮಪ್ಪನಿಗೆ ಹೇಳು, ಕಾಣಿಸ್ಕೊಂಡ್ರೆ ಸಂಬಳ ಕಟ್ ಮಾಡ್ತಾರೆ ಅಂತ.” ಆಮೇಲೆ ಮೇಜಿನ ಮೇಲೆಲ್ಲಾ ಕೈಯಾಡಿಸಿ ಕನ್ನಡಕ ಹುಡುಕಿದರು. ಅದು ತಲೆಯ ಮೇಲೇ ಇತ್ತು. ದಿನವೂ ನಡೆಯುವ ನಾಟಕ ಇದು. ಯಾರೂ ಹೇಳುತ್ತಿರಲಿಲ್ಲ, ಹೇಳಿದರೆ ಸಿಟ್ಟು ಬರುತ್ತಿತ್ತು.

ನಾವು ಕಲಿಯಲು ಸೇರಿದ ಮೊದಲ ದಿನ ಮೇಡಂ ನಮ್ಮನ್ನು ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಪರದೆಯನ್ನು ಗೋಡೆಯ ಕಡೆ ತಿರುಗಿಸಿ, ಯಾವುದೋ ಸುದ್ದಿಯ ಶಬ್ದ ಮಾತ್ರ ಹಾಕಿದರು. ಅದು ಅವರೆಕಾಯಿ ಕಾಲ. ಮೇಡಂ ಮಡಿಲಲ್ಲಿ ಸ್ಟೀಲ್ ಪಾತ್ರೆ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಾ ಕೂತರು. “ಕಣ್ಣಿಗೆ ಬಣ್ಣ ತೋರಿಸಿ ಮೋಸ ಮಾಡ್ಬೋದು ಮಕ್ಳಾ. ಕಿವಿಗೆ ಅಷ್ಟು ಸುಲಭ ಅಲ್ಲ. ಮೊದ್ಲು ಕೇಳಿ” ಅಂದರು. ಕೇಳಿದೆವು. ಒಬ್ಬ ಮುದುಕ ನೀರಿನ ಟ್ಯಾಂಕರ್ ಬಗ್ಗೆ ಮಾತಾಡುತ್ತಿದ್ದ. ಮಧ್ಯದಲ್ಲಿ ಮೇಡಂ ಕಾಯಿ ಬಿಡಿಸುವುದನ್ನು ನಿಲ್ಲಿಸಿ, “ಇಲ್ಲಿ ಏನೋ ಕತ್ತರಿಸಿದ್ದಾರೆ. ಗೊತ್ತಾಯ್ತಾ?” ಅಂದರು. ನಮಗ್ಯಾರಿಗೂ ಗೊತ್ತಾಗಲಿಲ್ಲ. “ಅವನು ಉಸಿರು ಎಳ್ಕೊಂಡ. ಬಿಡ್ಲೇ ಇಲ್ಲ. ಆ ಉಸಿರಲ್ಲಿ ಏನೋ ಹೇಳೋಕೆ ಹೊರಟಿದ್ದ, ನಮ್ಮೋರು ಕತ್ತು ಹಿಸುಕಿದ್ದಾರೆ.”

ಕೆಲವು ದಿನಗಳಲ್ಲಿ ನಮಗೂ ಆ ಉಸಿರು ಕೇಳಿಸತೊಡಗಿತು. ಈಗಂತೂ ಯಾವ ಚಾನೆಲ್ ಹಾಕಿದರೂ ಅದೇ ಕೇಳುತ್ತದೆ, ನೆಮ್ಮದಿಯಾಗಿ ಸುದ್ದಿ ನೋಡುವ ಭಾಗ್ಯವೇ ಹೋಗಿದೆ. ಮನೆಯಲ್ಲಿ ಯಾರಾದರೂ ಅರ್ಧ ಮಾತಿಗೆ ನಿಲ್ಲಿಸಿದರೂ ನಾನು ತಲೆ ಎತ್ತಿ ನೋಡುತ್ತೇನೆ. ಅಮ್ಮ ಇದಕ್ಕೆ ಮೇಡಂ ಹಿಡಿಸಿದ ದೆವ್ವ ಅನ್ನುತ್ತಾಳೆ.

ಅವರೆಬೇಳೆ ಹಿಸುಕುವುದನ್ನೂ ಪಾಠಕ್ಕೇ ಎಳೆದು ತಂದಿದ್ದರು. ನೆನೆಸಿದ ಕಾಳನ್ನು ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಜಾರಿ ಆಚೆ ಬರಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. “ಜಾಸ್ತಿ ಒತ್ತಿದ್ರೆ ಬೇಳೆ ಮುರಿಯತ್ತೆ, ಕಮ್ಮಿ ಒತ್ತಿದ್ರೆ ಸಿಪ್ಪೆ ಸಮೇತ ಹುಳಿಗೆ ಬೀಳತ್ತೆ. ಎಡಿಟಿಂಗ್ ಅಂದ್ರೆ ಇಷ್ಟೇ ಕಣ್ರೋ” ಅಂದು ಪಾತ್ರೆಯನ್ನು ನಮ್ಮ ಕಡೆ ತಳ್ಳುವರು. ಪಾಠದ ಹೆಸರಿನಲ್ಲಿ ಅವರ ಮನೆಯ ರಾತ್ರಿ ಅಡುಗೆಗೆ ಬೇಕಾದ ಬೇಳೆಯೆಲ್ಲಾ ನಮ್ಮ ಕೈಯಲ್ಲೇ ಹಿಸುಕಿಸಿಕೊಂಡರು ಎನ್ನುವುದು ನಮಗೆ ತಡವಾಗಿ ಹೊಳೆಯಿತು.

ಅವರ ಇನ್ನೊಂದು ಪದ್ಧತಿಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಬೇರೆಯವರ ಮಾತು ಕತ್ತರಿಸುವ ಮೊದಲು ನಾವೇ ಕ್ಯಾಮೆರಾ ಮುಂದೆ ಕೂತು ಮನೆಯ ವಿಷಯ ಹೇಳಬೇಕು. ನಮ್ಮ ಜತೆಯವರು ಅದನ್ನು ಕತ್ತರಿಸಿ ಚಿಕ್ಕ ತುಂಡು ಮಾಡಿ ಎಲ್ಲರೆದುರು ಹಾಕಬೇಕು. ನಾನು ನಮ್ಮ ಹೊಲದ ಬಗ್ಗೆ ಹೇಳಿದೆ. ಅಪ್ಪ ಹೊಲದಲ್ಲಿ ಮನೆ ಕಟ್ಟಿಸಿದ್ದು, ಪಾಯ ತೆಗೆದ ದಿನ ಊಟ ಬಿಟ್ಟಿದ್ದು, ಈಗಲೂ ಒಂದು ಮೂಲೆಯಲ್ಲಿ ರಾಗಿ ಚೆಲ್ಲಿ ತೆನೆ ಬಂದರೆ ಖುಷಿಪಡುವುದು, ಎಲ್ಲವನ್ನೂ ಹೇಳಿದೆ. ನನ್ನ ಜತೆಗಾರ ನವೀನ ಕತ್ತರಿಸಿದ. ಪರದೆಯ ಮೇಲೆ ನಾನು ಹೇಳಿದ್ದು ಇಷ್ಟೇ ಉಳಿದಿತ್ತು: “ಅಪ್ಪ ಹೊಲದಲ್ಲೆಲ್ಲಾ ಮನೆ ಕಟ್ಟಿಸಿದ್ರು. ಈಗ ಖುಷಿಯಾಗಿದ್ದಾರೆ.”

ನನಗೆ ಮೈಯೆಲ್ಲಾ ಉರಿದುಹೋಯಿತು. “ಲೋ, ಊಟ ಬಿಟ್ಟಿದ್ದು ಎಲ್ಲೋ ಹೋಯ್ತು? ನಮ್ಮಪ್ಪನ್ನ ಏನಂತ ತೋರಿಸಿದ್ದೀಯ?” ಅಂತ ಎದ್ದು ನಿಂತೆ. “ಒಂದು ಮಾತೂ ನಾನು ಸೇರಿಸಿಲ್ಲ ಮಗಾ, ಎಲ್ಲಾ ನೀನೇ ಹೇಳಿದ್ದು” ಅಂದ ನವೀನ. ಅದೂ ನಿಜವೇ. ಮೇಡಂ ನನ್ನನ್ನೇ ನೋಡುತ್ತಿದ್ದರು. “ಕೋಪ ಬಂತಾ? ಚೆನ್ನಾಗಿ ಬರ್ಲಿ. ಇದನ್ನ ಜೋಪಾನವಾಗಿ ಇಟ್ಕೋ. ನಾಳೆ ನಿನ್ನ ಕೈಗೆ ಯಾರ್ದೋ ಅಪ್ಪ ಸಿಗ್ತಾನೆ” ಅಂದರು.

ಹೀಗೆಲ್ಲಾ ಬರೆದರೆ ಮೇಡಂ ದೊಡ್ಡ ಋಷಿ ಅಂದುಕೊಳ್ಳಬೇಡಿ. ಹೊಗಳುವ ವಿಷಯದಲ್ಲಿ ಮಹಾ ಜಿಪುಣಿ. ಕೆಲಸ ಚೆನ್ನಾಗಿದ್ದರೆ “ಹೂಂ, ಹೋಗ್ಲಿ” ಅನ್ನುವರು, ಅದೇ ನಮಗೆ ಪದ್ಮಶ್ರೀ. ನಮ್ಮಲ್ಲಿ ಯಾರ ಹೆಸರೂ ನೆನಪಿರದೆ ಎಲ್ಲರನ್ನೂ “ಮರಿ” ಅನ್ನುವರು. ಸ್ಕೂಟರ್ ಓಡಿಸಿದರೆ ಬನಶಂಕರಿಯಿಂದ ಜೆ.ಪಿ. ನಗರದವರೆಗೆ ಆಟೋದವರೆಲ್ಲಾ ದೇವರನ್ನು ನೆನೆಯುವರು. ಸುದ್ದಿಗೆ ಹಿನ್ನೆಲೆ ಸಂಗೀತ ಹಾಕಿದರೆ ಮಂಗಳಾರತಿ ಖಂಡಿತ: “ಅಳ್ತಿರೋರ ಪಕ್ಕದಲ್ಲಿ ಪಿಟೀಲು ಯಾಕಯ್ಯಾ? ಅವ್ರ ಅಳು ಸಾಲ್ದಾ ನಿನಗೆ? ನೋಡೋ ಜನ ಪೆದ್ದರಲ್ಲ.” ಅದೇ ಮೇಡಂ ಮನೆಗೆ ಹೋದ ಮೇಲೆ ಒಂದೂ ಬಿಡದೆ ಧಾರಾವಾಹಿ ನೋಡುವರು, ಪಿಟೀಲು ಕುಯ್ದಷ್ಟೂ ಸೆರಗಲ್ಲಿ ಕಣ್ಣೊರೆಸಿಕೊಳ್ಳುವರು. “ಅದು ಸುಳ್ಳು ಅಂತ ಮೊದ್ಲೇ ಹೇಳಿ ತೋರಿಸ್ತಾರಲ್ಲ, ತಪ್ಪಿಲ್ಲ” ಅಂತ ಸಮರ್ಥನೆ ಬೇರೆ.

ಆ ಮೇಡಂ ಹೇಗೆ ಒಂದು ಶಾಟಿನಲ್ಲಿ ಸಿಕ್ಕಿಬಿದ್ದರು ಎನ್ನುವುದೇ ನಾನು ಹೇಳಹೊರಟ ವಿಷಯ. ಆಗ ನಾನಿನ್ನೂ ಕಲಿಯುತ್ತಿದ್ದೆ. ಗೌರಿ ಹಬ್ಬ ಹತ್ತಿರ ಬಂದಿತ್ತು. ಊರಾಚೆಯ ಗೋದಾಮೊಂದರಲ್ಲಿ ಕಲಬೆರಕೆ ಖಾರದ ಪುಡಿ ಸಿಕ್ಕಿತೆಂದು ಸುದ್ದಿ ಬಂತು. ಅಲ್ಲಿಗೆ ನಮ್ಮ ಕ್ಯಾಮೆರಾ ತಲುಪಿರಲಿಲ್ಲ. ಅಂಥ ಹೊತ್ತಿನಲ್ಲಿ ಚಾನೆಲ್‌ಗಳು ಮಾಡುವುದು ಒಂದೇ: ಎಂದೋ ಬೇರೆ ಕಾರಣಕ್ಕೆ ತೆಗೆದಿಟ್ಟ ಹಳೆಯ ಚಿತ್ರವನ್ನು ಎತ್ತಿ ಹಾಕುವುದು. ಇದಕ್ಕೆ ಫೈಲ್ ಶಾಟ್ ಎನ್ನುತ್ತೇವೆ. ನಮ್ಮ ಡೆಸ್ಕಿನ ಒಬ್ಬ ಸಂಗ್ರಹದಲ್ಲಿ “ಖಾರದ ಪುಡಿ” ಎಂದು ಹುಡುಕಿದ, ಕೆಂಪಗೆ ಕಂಡದ್ದನ್ನು ಎಳೆದು ಹಾಕಿದ. ಹಾಗೆ ಮಾಡಿದ್ದು ನಾನಲ್ಲ, ನೀವು ಊಹಿಸುವ ಮೊದಲೇ ಹೇಳಿಬಿಡುತ್ತೇನೆ.

ಆ ಶಾಟಿನಲ್ಲಿ ಇದ್ದವರು ಹನುಮಂತನಗರದ ರುಕ್ಮಿಣಮ್ಮ. ಗುಡ್ಡದ ದೇವಸ್ಥಾನಕ್ಕೆ ಹೋಗುವ ರಸ್ತೆಯಲ್ಲಿ ಅವರದು ಕಾಂಡಿಮೆಂಟ್ಸ್ ಅಂಗಡಿ. ಸಾರಿನ ಪುಡಿ, ಹುಳಿ ಪುಡಿ, ಕೋಡುಬಳೆ, ಹಪ್ಪಳ ಎಲ್ಲಾ ಅವರೇ ಮನೆಯಲ್ಲಿ ಮಾಡಿ ಮಾರುವುದು. ಗಂಡ ಹೋದ ಮೇಲೆ ಮನೆ ನಿಂತಿದ್ದೇ ಆ ಪುಡಿಗಳ ಮೇಲೆ. ಹಿಂದೊಂದು ವರ್ಷ ಹಬ್ಬದ ತಯಾರಿಯ ಬಗ್ಗೆ ನಾವು ಸ್ಟೋರಿ ಮಾಡಿದಾಗ, ಡಬ್ಬದಿಂದ ಕೆಂಪನೆಯ ಸಾರಿನ ಪುಡಿ ಎತ್ತಿ ಹಾಕುತ್ತಾ ಕ್ಯಾಮೆರಾ ನೋಡಿ ನಕ್ಕಿದ್ದರು. ಈಗ ಅದೇ ನಗುವಿನ ಮೇಲೆ ನಮ್ಮ ವಾರ್ತಾವಾಚಕಿಯ ದನಿ: “ನೀವು ತಿನ್ನುತ್ತಿರುವುದು ಖಾರವೋ, ಇಟ್ಟಿಗೆ ಪುಡಿಯೋ? ಎಚ್ಚರ!” ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ “ಸಂಗ್ರಹ ಚಿತ್ರ” ಅಂತಿತ್ತು. ಅದನ್ನು ಯಾರು ಓದುತ್ತಾರೆ?

ಮಾರನೇ ದಿನ ಮಧ್ಯಾಹ್ನ ರುಕ್ಮಿಣಮ್ಮ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಅದೇ ಡಬ್ಬ. ರಿಸೆಪ್ಷನ್ ಮೇಜಿನ ಮೇಲೆ ಅದನ್ನು ಕುಟ್ಟಿ ಇಟ್ಟರು. ಮುಚ್ಚಳ ತೆಗೆದು ಒಂದು ಮುಷ್ಟಿ ಸಾರಿನ ಪುಡಿ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅಗಿದು ನುಂಗಿದರು.

“ನೋಡಿ, ತಿಂದೆ. ಸತ್ನಾ? ಹೇಳಿ, ಸತ್ನಾ ನಾನು? ನಮ್ಮ ಬೀದಿಲಿ ಬೆಳಿಗ್ಗೆಯಿಂದ ಒಂದು ನರಪಿಳ್ಳೆ ಅಂಗಡಿಗೆ ಬಂದಿಲ್ಲ. ಹಬ್ಬಕ್ಕೆ ಹೇಳಿದ್ದೋರೆಲ್ಲಾ ಬೇಡ ಅಂದ್ರು. ಎದುರು ಮನೆ ಶಾರದಮ್ಮ, ನನ್ನ ಬಾಣಂತನ ಮಾಡಿದೋಳು, ಬೆಂಕಿ ಇಲ್ದೆ ಹೊಗೆ ಬರತ್ತಾ ಅಂದ್ಳಂತೆ. ನನ್ನ ಹೆಸರು ಹೋದ್ಮೇಲೆ ನನ್ನ ಪುಡಿ ಯಾರಿಗ್ರೀ ಬೇಕು?”

ಚೀಫ್ ಹೊರಗೆ ಬಂದು ನೀರು ಕೊಡಿಸಿದರು, ಸಮಾಧಾನ ಮಾಡಿದರು. ಸಂಜೆ ಪರದೆಯ ಕೆಳಗೆ ಓಡುವ ಸಾಲಿನಲ್ಲಿ ವಿಷಾದ ಅಂತ ಹಾಕಿಸುತ್ತೇವೆ ಅಂದರು. ಆಗ ಮೇಡಂ ಎಡಿಟಿಂಗ್ ರೂಮಿನ ಬಾಗಿಲಲ್ಲಿ ನಿಂತಿದ್ದರು.

“ಕೆಳಗೆ ಓಡೋ ಸಾಲನ್ನ ಯಾರು ಸಾರ್ ಓದ್ತಾರೆ? ತಪ್ಪು ಯಾವ ಬುಲೆಟಿನ್‌ನಲ್ಲಿ ಹೋಯ್ತೋ ತಿದ್ದಿದ್ದೂ ಅದೇ ಬುಲೆಟಿನ್‌ನಲ್ಲಿ ಹೋಗ್ಬೇಕು. ಅದು ಎಷ್ಟುದ್ದ ಇತ್ತೋ ಇದೂ ಅಷ್ಟುದ್ದ ಇರ್ಬೇಕು. ಯಾವ ಶಾಟ್ ಅವ್ರ ಮಾನ ತೆಗೀತೋ ಅದೇ ಶಾಟನ್ನೇ ಮತ್ತೆ ಹಾಕ್ಬೇಕು, ಈ ಸಲ ಅವ್ರ ಹೆಸರು ಹೇಳಿ.”

“ಮೇಡಂ, ಬೇರೆ ಯಾವ ಚಾನೆಲ್ ಹಾಗೆ ಮಾಡತ್ತೆ? ನಮ್ಮನ್ನ ನೋಡಿ ನಗ್ತಾರೆ.”

“ನಗ್ಲಿ. ಈಯಮ್ಮನ್ನ ನೋಡಿ ಉಗೀತಿದ್ದಾರಲ್ಲ, ಅದಕ್ಕಿಂತ ವಾಸಿ.”

ಚೀಫ್ ನಾಳೆ ನೋಡೋಣ ಅಂದರು. ಅವರ ‘ನಾಳೆ ನೋಡೋಣ’ವನ್ನು ಒಪ್ಪಿಗೆ ಎಂದೇ ತಿಳಿಯುವುದು ಮೇಡಂಗೆ ಅಭ್ಯಾಸ. ಮಾರನೇ ಬೆಳಿಗ್ಗೆ ನನ್ನ ಕೈಗೆ ಕ್ಯಾಮೆರಾ ಕೊಟ್ಟು, ಸ್ಕೂಟರ್ ಹಿಂದೆ ಕೂರಿಸಿಕೊಂಡು ಹನುಮಂತನಗರಕ್ಕೆ ಹೊರಟರು. ನಾನು ಕಣ್ಣು ಮುಚ್ಚಿಕೊಂಡೇ ಹೋದೆ.

ಅಂಗಡಿಯ ಮುಂದೆ ಯಾರೂ ಇರಲಿಲ್ಲ. ಹಬ್ಬದ ಮುಂಚೆ ಅಂಥ ಅಂಗಡಿ ಹಾಗೆ ಖಾಲಿ ಇರುವುದೇ ಇಲ್ಲ. ಕ್ಯಾಮೆರಾ ಕಂಡದ್ದೇ ತಡ, ರುಕ್ಮಿಣಮ್ಮ ಕೆರಳಿದರು. “ಮತ್ತೆ ತಂದ್ರಾ ಇದನ್ನ? ಅವತ್ತು ನಗೀಮ್ಮ ನಗೀಮ್ಮ ಅಂತ ನಗಿಸಿ ತಾನೇ ಚಿತ್ರ ತೆಗೆದಿದ್ದು? ನಗಿಸಿ ಕತ್ತು ಕೊಯ್ಯೋ ಕಸುಬು ಎಲ್ಲಿ ಕಲ್ತ್ರಿ? ನಿಮ್ಮ ಮನೇಲಿ ಸಾರು ಮಾಡಲ್ವಾ? ನಿಮ್ಮ ತಾಯಿ ಕೈಲಿರೋ ಡಬ್ಬ ತೋರಿಸಿ, ಇಟ್ಟಿಗೆ ಪುಡಿ ಅನ್ನಿ ನೋಡೋಣ!”

ನಾನು ರೆಕಾರ್ಡ್ ಮಾಡುತ್ತಲೇ ಇದ್ದೆ. ಆಗ ಅವರು ನನ್ನ ಕಡೆ ತಿರುಗಿದರು. “ಏ ಹುಡುಗಿ, ನನ್ನ ಕಡೆ ಯಾಕೆ ಹಿಡ್ಕೊಂಡಿದ್ದೀಯ? ತಪ್ಪು ಮಾಡಿದೋರ ಕಡೆ ಹಿಡಿ!”

ನಾನು ಕ್ಯಾಮೆರಾ ತಿರುಗಿಸಿದೆ. ಬೇರೆ ಯಾರು ಹೇಳಿದರೂ ಮಾಡುತ್ತಿರಲಿಲ್ಲ, ಆದರೆ ಆ ದನಿಗೆ ಕೈ ತಾನಾಗಿ ತಿರುಗಿತು. ಕನ್ನಡಕ ತಲೆಯ ಮೇಲೆ, ಬ್ಯಾಗು ಹೆಗಲಲ್ಲಿ, ಮೇಡಂ ಬೀದಿಯ ಮಧ್ಯೆ ನಿಂತಿದ್ದರು. ಎದುರು ಮನೆಯ ಕಿಟಕಿಯಲ್ಲಿ ಜನ ನೋಡುತ್ತಿದ್ದರು. ಕತ್ತರಿ ಬೆರಳು ಮೇಲೇಳುತ್ತದೆ ಎಂದು ಕಾದೆ. ಏಳಲಿಲ್ಲ. ಎರಡೂ ಕೈ ಜೋಡಿಸಿಕೊಂಡು ತಲೆ ತಗ್ಗಿಸಿ, ರುಕ್ಮಿಣಮ್ಮ ಬೈದು ಸುಸ್ತಾಗುವವರೆಗೂ ಹಾಗೇ ನಿಂತಿದ್ದರು. ತಪ್ಪು ಮಾಡಿದವನ ಹೆಸರು ಹೇಳಲಿಲ್ಲ, “ನಾನು ಆ ದಿನ ರಜೆಯಲ್ಲಿದ್ದೆ” ಅನ್ನಲಿಲ್ಲ. ನಿಜಕ್ಕೂ ರಜೆಯಲ್ಲಿದ್ದರು. ಕೊನೆಗೆ, “ನಾವೇ ಹಾಕಿದ್ದು ರುಕ್ಮಿಣಮ್ಮ. ಸರಿ ಮಾಡೋಕೆ ಬಂದಿದ್ದೀನಿ. ಸರಿಯಾಗಿದೆಯೋ ಇಲ್ವೋ, ನೀವೇ ಬಂದು ನೋಡಿ ಹೇಳಿ” ಅಂದರು.

ಎಡಿಟಿಂಗ್ ರೂಮಿಗೆ ಹೊರಗಿನವರನ್ನು ಬಿಡುವ ಹಾಗಿಲ್ಲ. ಸುದ್ದಿಯಲ್ಲಿರುವವರನ್ನಂತೂ ಬಿಡಲೇಬಾರದು. ಅದನ್ನು ನಮಗೆ ಕಲಿಸಿದವರೇ ಮೇಡಂ. ಅದೇ ಮೇಡಂ ರುಕ್ಮಿಣಮ್ಮನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದಾಗ ಚೀಫ್ ಓಡಿ ಬಂದರು. “ಇದೇನು ಮೇಡಂ?” “ಇದು ಸುದ್ದಿ ಅಲ್ಲ ಸಾರ್, ತಪ್ಪೊಪ್ಪಿಗೆ. ಯಾರಿಗೆ ತಪ್ಪು ಮಾಡಿದ್ವೋ ಅವ್ರು ಕೇಳಿಸ್ಕೋಬೇಕು.”

ಕತ್ತರಿಸಿದ್ದು ನಾನು. ಜಾಣತನ ಮಾಡಿದ್ದೆ. ಬೈಗುಳವನ್ನೆಲ್ಲಾ ನೀಟಾಗಿ ತೆಗೆದು, ಆಮೇಲೆ ಅವರು ಶಾಂತವಾಗಿ “ನಾನು ಎಲ್ಲಾ ಮನೇಲೇ ಮಾಡೋದು, ಬ್ಯಾಡಗಿ ಮೆಣಸಿನಕಾಯಿ ಹುರಿದು ಪುಡಿ ಮಾಡೋದು” ಅಂದದ್ದನ್ನು ಇಟ್ಟಿದ್ದೆ. ಮರ್ಯಾದೆಯಾಗಿ ಕಾಣುತ್ತಿತ್ತು. ರುಕ್ಮಿಣಮ್ಮ ಪೂರ್ತಿ ನೋಡಿದರು.

“ನಾನು ಬೈದಿದ್ದು ಎಲ್ಲಿ ಹೋಯ್ತು?”

“ಆಂಟಿ, ಅದು ಬೇಡ ಅಂತ... ಜನ ನಿಮ್ಮನ್ನ ಬಜಾರಿ ಅಂದ್ಕೊಂಡ್ರೆ?”

“ಅಂದ್ಕೊಳ್ಲಿ ಬಿಡಮ್ಮ. ಇಷ್ಟು ನಯವಾಗಿ ಮಾತಾಡಿದ್ರೆ, ಕಳ್ಳಿ, ಸಿಕ್ಕಿಬಿದ್ಮೇಲೆ ಬೆಣ್ಣೆ ಹಚ್ತಿದ್ದಾಳೆ ಅಂತಾರೆ. ನನ್ನ ಬೈಗುಳ ನನಗೆ ವಾಪಸ್ ಕೊಡು.”

ಮೇಡಂ ನನ್ನ ಕಡೆ ನೋಡಿದರು. ನನಗೆ ನಮ್ಮಪ್ಪ ಊಟ ಬಿಟ್ಟಿದ್ದನ್ನು ನವೀನ ಕತ್ತರಿಸಿ ಹಾಕಿದ ದಿನ ನೆನಪಾಯಿತು. ಅವರಿಗೂ ಆಗಿರಬೇಕು. ತಾವೇ ಬಗ್ಗಿ ಬೈಗುಳವನ್ನೆಲ್ಲಾ ಇದ್ದಲ್ಲಿಗೆ ತಂದು ಜೋಡಿಸಿದರು. ತಾವು ಕೈ ಜೋಡಿಸಿ ನಿಂತ ಭಾಗ ಬಂದಾಗ ಮಾತ್ರ ಮಾತು ಹಾಗೇ ಇಟ್ಟು, ಮೇಲಿನ ಚಿತ್ರ ತೆಗೆದು ಅಂಗಡಿಯ ಡಬ್ಬಗಳ ಚಿತ್ರ ಹಾಕಿದರು. “ಮೇಡಂ, ಅದಿರ್ಲಿ” ಅಂದೆ. “ನನ್ನ ಮುಖ ತೋರಿಸಿದ್ರೆ, ಪಾಪ ಎಷ್ಟು ಒಳ್ಳೆಯೋರು ಅಂತ ಜನ ನನ್ನ ನೋಡ್ತಾರೆ ಮರಿ. ಅವ್ರು ನೋಡ್ಬೇಕಾಗಿರೋದು ಪುಡಿನ” ಅಂದರು.

ಚೀಫ್ ನೋಡಿ ತಲೆ ಮೇಲೆ ಕೈ ಹೊತ್ತರು. “ನಮ್ಮ ಚಾನೆಲ್‌ನಲ್ಲೇ ನಮ್ಮನ್ನ ಹೀಗೆ ಬೈಸ್ಬೇಕಾ?”

“ದಿನಾ ಊರಿಗೆಲ್ಲಾ ಬೈತೀವಲ್ಲ ಸಾರ್. ಒಂದಿನ ಬೈಸ್ಕೊಳ್ಳೋಣ. ಇದು ಹೋಗಲ್ಲ ಅಂದ್ರೆ ಇವತ್ತು ಬುಲೆಟಿನ್ ನೀವೇ ಕಟ್ ಮಾಡ್ಕೊಳ್ಳಿ, ನಾನು ಮನೆಗೆ ಹೋಗಿ ಧಾರಾವಾಹಿ ನೋಡ್ತೀನಿ.”

ಅವತ್ತು ಸಂಜೆ ಅದು ಹೋಯಿತು. ಅದೇ ಬುಲೆಟಿನ್, ಅದೇ ನಗುವ ಶಾಟ್, ರುಕ್ಮಿಣಮ್ಮನ ಹೆಸರು, ಅಂಗಡಿಯ ರಸ್ತೆ, ನಮ್ಮ ತಪ್ಪು, ಜತೆಗೆ ಬೈಗುಳ.

ಮಾರನೇ ಬೆಳಿಗ್ಗೆ ಮೇಡಂ ಜತೆ ಮತ್ತೆ ಹೋದೆ. ಅಂಗಡಿ ಖಾಲಿಯೇ ಇತ್ತು. ರುಕ್ಮಿಣಮ್ಮ ಡಬ್ಬಗಳನ್ನು ಒರೆಸುತ್ತಾ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. “ಮೇಡಂ, ನಮ್ಮ ಬ್ಯಾಚಿನವರನ್ನೆಲ್ಲಾ ಕರೀತೀನಿ. ಕ್ಯೂ ನಿಂತ್ಕೊಳ್ಲಿ. ಶೂಟ್ ಮಾಡಿ ಹಾಕೋಣ, ಜನ ನೋಡಿ ಬರ್ತಾರೆ” ಅಂದೆ. ಮೇಡಂ ಗದರಿದರು: “ಒಂದು ಸುಳ್ಳು ಶಾಟಿಂದ ಆಗಿರೋದು ಸಾಲ್ದಾ? ಸುಮ್ನೆ ನಿಂತ್ಕೋ.”

ನಿಂತೆವು. ಬಿಸಿಲು ಏರಿತು. ಎದುರು ಮನೆಯ ಗೇಟು ಕಿರುಗುಟ್ಟಿತು. ಶಾರದಮ್ಮ, ಆ ಬೆಂಕಿ-ಹೊಗೆಯ ಶಾರದಮ್ಮ, ಕೈಚೀಲ ಹಿಡಿದು ರಸ್ತೆ ದಾಟಿ ಬಂದರು. ರುಕ್ಮಿಣಮ್ಮನ ಮುಖ ನೋಡಲಿಲ್ಲ, ಡಬ್ಬದ ಕಡೆ ನೋಡಿ ಮಾತಾಡಿದರು.

“ಅರ್ಧ ಕೇಜಿ ಸಾರಿನ ಪುಡಿ ಕೊಡೇ. ನಿನ್ನೆ ಚೆನ್ನಾಗಿ ಉಗಿದೆ ಅವ್ರಿಗೆ. ತಪ್ಪು ಮಾಡಿದೋಳಿಗೆ ಹಾಗೆ ಬೈಯೋಕೆ ಬಾಯಿ ಬರಲ್ಲ ಅಂತ ನಮ್ಮೋರಿಗೆ ಹೇಳ್ದೆ.”

ನಾನು ಕ್ಯಾಮೆರಾ ಎತ್ತಿದೆ. ಮೇಡಂ ಎರಡು ಬೆರಳು ಎತ್ತಿ ಗಾಳಿಯಲ್ಲಿ ಕತ್ತರಿಸಿದರು. “ಬಂದ್ರಲ್ಲ, ಸಾಕು. ಅವ್ರನ್ಯಾಕೆ ಶೂಟ್ ಮಾಡ್ತೀಯ?” ಹಬ್ಬದ ಹೊತ್ತಿಗೆ ಅಂಗಡಿಯಲ್ಲಿ ಹಪ್ಪಳವೆಲ್ಲಾ ಖರ್ಚಾಗಿ ತಮಗೇ ಸಿಗಲಿಲ್ಲ ಎಂದು ಮೇಡಂ ಆಮೇಲೆ ಗೊಣಗುತ್ತಿದ್ದರು.

ಕತ್ತರಿಸಿದ ಭಾಗವನ್ನು ಯಾವತ್ತೂ ಅಳಿಸಬಾರದು ಎನ್ನುವುದೂ ಮೇಡಂ ಹಾಕಿಕೊಟ್ಟ ನಿಯಮವೇ. “ಇವತ್ತು ಬೇಡ ಅಂತ ಬಿಟ್ಟಿದ್ದು ನಾಳೆ ಯಾರಿಗೋ ಬೇಕಾಗತ್ತೆ” ಅನ್ನುತ್ತಿದ್ದರು. ಹೋದ ವಾರ ಸಂಗ್ರಹದಲ್ಲೆಲ್ಲಾ ಹುಡುಕಿ ಸೋತ ಮೇಲೆ ನನಗೆ ಅದು ನೆನಪಾಯಿತು. ಅವತ್ತಿನ ಹನುಮಂತನಗರದ ಕತ್ತರಿಸದ ಚಿತ್ರೀಕರಣ ತೆಗೆದೆ. ಇತ್ತು. ಮೇಡಂ ಬೀದಿಯಲ್ಲಿ ನಿಂತಿದ್ದರು, ಕನ್ನಡಕ ತಲೆಯ ಮೇಲೆ. ತಮ್ಮ ನಿಯಮಕ್ಕೆ ತಾವೇ ಸಿಕ್ಕಿಕೊಂಡಿದ್ದರು. ನೋಡಿ ಚೆನ್ನಾಗಿ ಅತ್ತೆ, ಯಾವ ಪಿಟೀಲೂ ಬೇಕಾಗಲಿಲ್ಲ.

ಆದರೆ ಆ ಶಾಟಿನ ತುಂಬಾ ರುಕ್ಮಿಣಮ್ಮನ ದನಿ ಇದೆ. ಕೇಳದೆ ಹಾಕುವ ಹಾಗಿಲ್ಲ. ಬಸ್ ಹತ್ತಿ ಹನುಮಂತನಗರಕ್ಕೆ ಹೋದೆ. ಅಂಗಡಿಯ ಮುಂದೆ ಜನ ಇದ್ದರು. ರುಕ್ಮಿಣಮ್ಮನಿಗೆ ಈಗ ಮಂಡಿ ನೋವು, ಕುರ್ಚಿಯಲ್ಲಿ ಕೂತೇ ವ್ಯಾಪಾರ. ವಿಷಯ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಫೋನಿನಲ್ಲಿ ಆ ಶಾಟ್ ತೋರಿಸಿದೆ. ಅವರದೇ ದನಿ ಅಂಗಡಿಯೆಲ್ಲಾ ಕೇಳುವಂತೆ ಹೊರಬಂತು: ನಗಿಸಿ ಕತ್ತು ಕೊಯ್ಯೋ ಕಸುಬು ಎಲ್ಲಿ ಕಲ್ತ್ರಿ?

“ಅಯ್ಯೋ, ಹೀಗೆಲ್ಲಾ ಅಂದಿದ್ನಾ ನಾನು?” ಅಂದರು. “ಹೋದೋರ ಮುಂದೆ ಇದನ್ನ ಹಾಕ್ಬೇಡ ಕಣಮ್ಮ. ಆಯಮ್ಮ ಇರ್ಲಿ, ನನ್ನ ಬೈಗುಳ ಕತ್ತರಿಸಿಬಿಡು.”

“ಆಗಲ್ಲ ಆಂಟಿ” ಅಂದೆ. “ಬೈಗುಳ ವಾಪಸ್ ಕೊಡು ಅಂತ ಅವತ್ತು ನೀವೇ ಹೇಳಿದ್ರಿ. ಮೇಡಂ ತಮ್ಮ ಕೈಯಾರೆ ಜೋಡಿಸಿದ್ದು ಅದು. ನಾನು ಹೇಗೆ ಕತ್ತರಿಸ್ಲಿ?”

ಅವರು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು ಮತ್ತೊಮ್ಮೆ ಪೂರ್ತಿ ನೋಡಿದರು. ಸಾಮಾನಿಗೆ ಬಂದವರು ಕಾಯುತ್ತಾ ನಿಂತರು.

“ಸರಿ, ಹಾಗೇ ಹಾಕು” ಅಂದರು. “ನಾನು ಅಷ್ಟು ಬೈದ್ರೂ ಆಯಮ್ಮ ಅಲ್ಲಾಡ್ದೆ ನಿಂತಿದ್ರಲ್ಲ. ನಾನು ಬೈದಿದ್ದು ಕೇಳಿಸದಿದ್ರೆ ಅದು ಜನಕ್ಕೆ ಹೇಗೆ ಗೊತ್ತಾಗ್ಬೇಕು?”

ಸಂಜೆ ಬುಲೆಟಿನ್‌ನಲ್ಲಿ ಹಾಗೇ ಹಾಕಿದೆವು.